ಕೆಂಚಿಯ ಕಲ್ಲಿಗೆ ಗಾರೆ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್. ಆಮೇಲೆ ಉಜ್ಜುವ ಸದ್ದು.

ರಾತ್ರಿ ಎರಡು ಗಂಟೆ ಇರಬಹುದು. ನಾನು ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಅದು ಕರಣೆಯ ಸದ್ದು. ಗಾರೆಯನ್ನು ಗೋಡೆಗೆ ಎಸೆದ ಮೇಲೆ ಕರಣೆಯನ್ನು ಬಾಂಡ್ಲಿಯ ಅಂಚಿಗೆ ಒಮ್ಮೆ ಕುಟ್ಟಿ ಕೊಡವುವುದು ನನ್ನ ತಂದೆಯ ಅಭ್ಯಾಸ. ಬೇರೆ ಮೇಸ್ತ್ರಿಗಳು ಹಾಗೆ ಕುಟ್ಟುವುದಿಲ್ಲ.

ಅಂದು ರಂಜಾನಿನ ಇಪ್ಪತ್ತೇಳನೆಯ ರಾತ್ರಿ. ಬೆಳಗಿನ ತನಕ ಎಚ್ಚರವಿದ್ದು ನಮಾಜು ಮಾಡುವ ರಾತ್ರಿ. ಅರವತ್ತೊಂದು ವರ್ಷದ ನನ್ನ ಅಬ್ಬಾ, ಗುಲಾಮ್ ನಬಿ ಮೇಸ್ತ್ರಿ, ಆ ರಾತ್ರಿ ಮುದ್ದನಕೋಟೆಯ ದಕ್ಷಿಣ ಗೋಡೆಯ ಬುಡದಲ್ಲಿ ಟಾರ್ಚು ಇಟ್ಟುಕೊಂಡು ಕೂತಿದ್ದರು. ಒಂದು ಕಲ್ಲಿಗೆ ಗಾರೆ ಬಳಿಯುತ್ತಿದ್ದರು. ಆ ಕಲ್ಲನ್ನು ಮುಚ್ಚುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದರು.

ಮಾತು ಮುರಿಯಿರಿ ಎಂದು ಕಳಿಸಿದವಳು ನಾನು.

ಮುದ್ದನಕೋಟೆ ಗುಬ್ಬಿ ತಾಲ್ಲೂಕಿನ ಊರು. ಸಿ.ಎಸ್. ಪುರದಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ಕೋಟೆ ದೊಡ್ಡದೇನಲ್ಲ. ಯಾವನೋ ಪಾಳೇಗಾರ ಕಟ್ಟಿಸಿದ್ದು. ನಾಲ್ಕು ಬುರುಜು, ಒಂದು ಬಾಗಿಲು, ಮುಕ್ಕಾಲು ಬಿದ್ದ ಗೋಡೆ. ಒಳಗೆಲ್ಲ ಜಾಲಿ ಬೆಳೆದಿತ್ತು. ಊರಿನವರು ಬೆಳಗ್ಗೆ ಚೊಂಬು ಹಿಡಿದು ಹೋಗುತ್ತಿದ್ದ ಜಾಗ. 2006ರಲ್ಲಿ ರಾಜ್ಯಕ್ಕೆ ಐವತ್ತು ತುಂಬಿತು. ಎಲ್ಲಿ ನೋಡಿದರೂ ನಾಡು, ನುಡಿ, ಅಭಿಮಾನ. ಆ ವರ್ಷ ನಾಗಭೂಷಣ್ ಅವರ ಕಣ್ಣಿಗೆ ಕೋಟೆ ಬಿತ್ತು.

ನಾಗಭೂಷಣ್ ಕಂಟ್ರಾಕ್ಟರು. ಕೋಟೆ ಪುನರುತ್ಥಾನ ಸಮಿತಿ ಎಂದು ಒಂದನ್ನು ಮಾಡಿ ತಾವೇ ಅಧ್ಯಕ್ಷರಾದರು. ಸಮಿತಿಯಲ್ಲಿ ಬೇರೆ ಸದಸ್ಯರೂ ಇದ್ದರು. ಅವರು ಬಾಯಿ ಬಿಟ್ಟದ್ದನ್ನು ನಾನು ನೋಡಲಿಲ್ಲ. ಊರಿಗೆ ನೀರು ಬಿಡುವ ಮೋಟರ್ ಮನೆಯ ಬೀಗದ ಕೈ ನಾಗಭೂಷಣರ ಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಅಷ್ಟು ಹೇಳಿದರೆ ಸಾಕು.

ದಿನಾ ಬೆಳಗ್ಗೆ ಆರಕ್ಕೆ ಬುರುಜಿನ ಮೇಲಿನ ಮೈಕು ಕೂಗುತ್ತಿತ್ತು. ಮನೆಗೊಬ್ಬರು ಬಂದು ಮಧ್ಯಾಹ್ನದ ತನಕ ದುಡಿಯಬೇಕು. ಅದಕ್ಕೆ ಶ್ರಮದಾನ ಎಂದು ಹೆಸರು. ಊರೊಳಗಿನ ಮನೆಗಳ ಹುಡುಗರು ಬಂದು, ಗುದ್ದಲಿ ಹಿಡಿದು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಊರಾಚೆಯ ಹಟ್ಟಿಯ ದಲಿತರು ಕಲ್ಲು ಹೊರುತ್ತಿದ್ದರು. ಬಾರದವರ ಹೆಸರನ್ನು ಮೈಕಿನಲ್ಲಿ ಓದುತ್ತಿದ್ದರು. ಹೆಸರು ಓದಿಸಿಕೊಂಡವನು ಮಾರನೆಯ ದಿನ ಕೋಟೆ ಬಾಗಿಲಲ್ಲಿ ಬಾವುಟ ಹಿಡಿದು ಮಧ್ಯಾಹ್ನದ ತನಕ ನಿಲ್ಲಬೇಕು. ಹಟ್ಟಿಯ ಚಿಕ್ಕಮಾರಯ್ಯ ಜ್ವರ ಬಂದು ಒಂದು ದಿನ ತಪ್ಪಿಸಿದ. ಮಾರನೆಯ ದಿನ ಜ್ವರದಲ್ಲೇ ನಿಂತ. ಶಾಲೆಯ ಮಕ್ಕಳು ಸಾಲಾಗಿ ಬಂದು ಸೆಲ್ಯೂಟ್ ಹೊಡೆದು ಹೋದವು. ಹೊಡೆದದ್ದು ಬಾವುಟಕ್ಕೆ. ಅದರ ಕೆಳಗೆ ನಡುಗುತ್ತಿದ್ದವನನ್ನು ಅವು ನೋಡಲಿಲ್ಲ.

ಬಾರದವರ ಪಟ್ಟಿ ಬರೆದುಕೊಡುತ್ತಿದ್ದವಳು ನಾನು. ಚಿಕ್ಕಮಾರಯ್ಯನ ಹೆಸರನ್ನೂ ನಾನೇ ಬರೆದೆ. ಜ್ವರ ಎಂದು ಪಕ್ಕದಲ್ಲಿ ಬರೆಯಲು ಪಟ್ಟಿಯಲ್ಲಿ ಜಾಗವಿತ್ತು. ಬರೆಯಲಿಲ್ಲ.

ನಾನು ತುಮಕೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಎರಡು ವರ್ಷ ಒಂದು ಕಾಲೇಜಿನಲ್ಲಿ ಪಾಠ ಮಾಡಿದೆ. ಮೂರನೆಯ ವರ್ಷ ಕರೆಯಲಿಲ್ಲ. ಅಬ್ಬಾ ಕೋಟೆಯ ಗಾರೆ ಕೆಲಸಕ್ಕೆ ಬಂದಾಗ, ನನ್ನ ಮಗಳು ಜೈಬಾ ಚೆನ್ನಾಗಿ ಕನ್ನಡ ಬರೆಯುತ್ತಾಳೆ ಎಂದು ನಾಗಭೂಷಣರಿಗೆ ಹೇಳಿದರು. ಬೋರ್ಡುಗಳು, ಒಂದು ಕಿರುಹೊತ್ತಿಗೆ, ಪಟ್ಟಿಗಳು. ಅದು ನನ್ನ ಕೆಲಸ.

"ಸಾಬ್ರ ಮಗಳು ನಮ್ ಕೋಟೆ ಚರಿತ್ರೆ ಬರೀತಾಳೆ ಅಂದ್ರೆ ಪೇಪರ್‌ನೋರು ಓಡ್ಬರ್ತಾರೆ ಕಣ್ರಯ್ಯ" ಎಂದು ನಾಗಭೂಷಣ್ ಸಮಿತಿಯವರ ಕಡೆ ತಿರುಗಿ ನಕ್ಕರು. ಅವರೆಲ್ಲ ನಕ್ಕರು. ನಾನೂ ನಕ್ಕೆ.

ಅಬ್ಬಾ ಮೊದಲ ದಿನವೇ ಹೇಳಿದ್ದರು. "ಈ ಕೋಟೆಗೆ ಗಾರೆನೇ ಇರ್ಲಿಲ್ಲ ಸಾರ್. ಬರೀ ಕಲ್ಲಿನ ಮೇಲೆ ಕಲ್ಲು. ಹಂಗೇ ಕಟ್ಟಿದ್ರೆ ಚೆಂದ."

"ಇರ್ಲಿಲ್ಲ ಅಂದ್ರೆ ಹಾಕಿ ಸಾಬ್ರೇ. ಕ್ಯಾಲೆಂಡರ್‌ನಲ್ಲಿ ಕೋಟೆ ಹೆಂಗಿರುತ್ತೆ? ಬೆಳ್ಳಗೆ, ನುಣ್ಣಗೆ. ಹಂಗಿರ್ಬೇಕು. ಹಳೇದು ಅಂದ್ರೆ ಹಳೇದು ಥರ ಕಾಣ್ಬಾರ್ದು."

ಕಲ್ಲು ಕಟ್ಟಿದರು. ಅದರ ಮೇಲೆ ಗಾರೆ ಹಾಕಿದರು.

ಗಾರೆ ಕೆಲಸ ನೋಡಿದವರಿಗೆ ಗೊತ್ತು. ಸುಣ್ಣದ ಕಲ್ಲಿಗೆ ನೀರು ಬಿಟ್ಟರೆ ಗುಂಡಿ ಕುದಿಯುತ್ತದೆ. ಅರಳಿದ ಸುಣ್ಣಕ್ಕೆ ಮರಳು ಬೆರೆಸಿ, ಎತ್ತು ಕಟ್ಟಿದ ಕಲ್ಲಿನ ಗಾಲಿಯ ಕೆಳಗೆ ದಿನಗಟ್ಟಲೆ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಬೇಕು. ಅರೆದದ್ದನ್ನು ಬಾಂಡ್ಲಿಗಳಲ್ಲಿ ಹೊರುವವರು ಹಟ್ಟಿಯ ಹೆಂಗಸರು. ತಲೆಯ ಸಿಂಬಿಯಿಂದ ಸುಣ್ಣದ ನೀರು ಕತ್ತಿಗೆ ಇಳಿಯುತ್ತದೆ. ಕತ್ತು ಸುಡುತ್ತದೆ. ಅಂಗಾಲು ಬಿರಿಯುತ್ತದೆ. ಬಿರುಕಿನೊಳಗೆ ಸುಣ್ಣ ಹೋಗುತ್ತದೆ. ಸಂಜೆ ಅವರು ಹಿಮ್ಮಡಿ ಎತ್ತಿಕೊಂಡು ಮುಂಗಾಲಿನ ಮೇಲೆ ನಡೆದು ಹಟ್ಟಿಗೆ ಹೋಗುತ್ತಿದ್ದರು.

ಕುಡಿಯುವ ನೀರಿಗೆ ನಮಗೆ ಬೇರೆ ಲೋಟ ಇಟ್ಟಿದ್ದರು. ಅವರಿಗೆ ಲೋಟವೇ ಇರಲಿಲ್ಲ. ಬೊಗಸೆ ಹಿಡಿಯಬೇಕು. ಸುಣ್ಣದ ಬೊಗಸೆ.

ಆ ಹೆಂಗಸರಲ್ಲಿ ಹಿರಿಯಳು ಹೊಂಬಾಳಮ್ಮ. ಚಿಕ್ಕಮಾರಯ್ಯನ ತಾಯಿ. ಐವತ್ತೈದರ ಮೇಲಿನ ವಯಸ್ಸು. ಗಾರೆಯ ಹದ ನೋಡುವುದರಲ್ಲಿ ಅವರ ಬೆರಳು ಅಬ್ಬಾನ ಬೆರಳಿಗಿಂತ ಚುರುಕು. ಚಿಟಿಕೆ ಗಾರೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ, ಇನ್ನೂ ಅರೆಯಬೇಕು ಅಥವಾ ಸಾಕು ಎನ್ನುತ್ತಿದ್ದರು. ಅವರು ಸಾಕು ಎನ್ನುವ ತನಕ ಅಬ್ಬಾ ಗೋಡೆಗೆ ಗಾರೆ ಎಸೆಯುತ್ತಿರಲಿಲ್ಲ.

"ಏನ್ ಸಾಬ್ರೇ, ಉಪಾಸದಾಗೆ ಬೆಲ್ಲದ್ ನೀರು ನೋಡಿ ಬಾಯಾಗೆ ನೀರು ಬಂತಾ?"

"ಬೆಲ್ಲ ಅರ್ಧ ನಿನ್ ಹೊಟ್ಟೇಗೇ ಹೋಗ್ತಿದೆ ಹೊಂಬಾಳಮ್ಮ. ಗೋಡೆ ಬಿದ್ರೆ ನಿನ್ನೇ ಹಿಡ್ಕೊಡ್ತೀನಿ ನೋಡು."

"ಹಿಡ್ಕೊಡಿ. ಜೈಲಾಗಾದ್ರೂ ಲೋಟ ಕೊಡ್ತಾರೆ."

ಅಬ್ಬಾ ನಗುತ್ತಿದ್ದರು. ಆ ಲೋಟದ ಮಾತು ನನಗೆ ನಗು ತರಲಿಲ್ಲ. ಆದರೆ ನಾನು ಏನೂ ಮಾಡಲಿಲ್ಲ. ನಮ್ಮ ಲೋಟ ಕೊಡಬಹುದಿತ್ತು. ಯಾರಾದರೂ ನೋಡಿದರೆ ಎಂದು ಸುತ್ತ ಕಣ್ಣಾಡಿಸಿದೆ. ಕಣ್ಣಾಡಿಸುವುದೇ ನನ್ನ ಬದುಕಾಗಿದೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಹೊಂಬಾಳಮ್ಮ ನನ್ನನ್ನು ದಕ್ಷಿಣ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಪೊದೆಯಾಗಿ ಬೆಳೆದ ಬಂದರೆ ಗಿಡವೊಂದನ್ನು ಕೈಯಿಂದ ಸರಿಸಿದರು. ಹಿಂದೆ ಒಂದು ಕಲ್ಲು. ಅದರ ಮೇಲೆ ಒರಟಾಗಿ ಕೆತ್ತಿದ ಒಂದು ಅಂಗೈ. ಬೆರಳು ಮೇಲಕ್ಕೆ.

"ಇವ್ಳೇ ನಮ್ ಕೆಂಚಿ."

"ದೇವರಾ?" ಎಂದು ಕೇಳಿದೆ.

"ದ್ಯಾವ್ರಲ್ಲ ಬುಡು. ನಮ್ಮನೆ ಹೆಣ್ಮಗ್ಳು. ಈ ಗ್ವಾಡೆ ಮೂರು ಸಲ ಕಟ್ಟಿದ್ರಂತೆ, ಮೂರು ಸಲಾನೂ ಬಿತ್ತಂತೆ. ಹೆಣ್ಣು ಕೇಳ್ತೈತೆ ಅಂದ್ರಂತೆ. ಅವ್ರ ಮನೇಲಿ ಹೆಣ್ಣಿರ್ಲಿಲ್ವಾ? ಇದ್ರು. ಹಟ್ಟಿಯೋಳ್ನ ನೋಡಿದ್ರು. ಕೆಂಚಿ ಗಂಡ ಇಲ್ಲೇ ಕಲ್ಲೊಡೀತಿದ್ದ. ಅವ್ನಿಗೆ ಬುತ್ತಿ ತಂದಿದ್ಲು. ಮೂರು ತಿಂಗ್ಳ ಬಾಣ್ತಿ. ಪಾಯದಾಗೆ ಮಂಕ್ರಿ ಬಿದ್ದೈತೆ, ಇಳ್ದು ಎತ್ಕೊಡಮ್ಮಿ ಅಂದ್ರು. ಇಳಿದ್ಲು. ಮ್ಯಾಲಿಂದ ಕಲ್ಲು ಹಾಕಿದ್ರು. ಕೈ ಎತ್ತಿದ್ಲಂತೆ. ಆ ಕೈನೇ ಗಂಡ ಆಮ್ಯಾಲೆ ಕೆತ್ತಿದ್ದು."

"ಮಗು?"

"ಹಟ್ಟೀಲಿ ಉಳ್ಕೊಂತು. ಆ ಮಗೀನ್ ಕಡೆಯೋರೇ ನಾವು."

ವರ್ಷಕ್ಕೊಮ್ಮೆ, ದೀಪಾವಳಿ ಅಮಾವಾಸ್ಯೆಯ ದಿನ, ಹಟ್ಟಿಯ ಹೆಂಗಸರು ಒಂದು ಮಡಕೆ ಅಂಬಲಿ ತರುತ್ತಾರೆ. ಕಲ್ಲಿನ ಬುಡಕ್ಕೆ ಸುರಿಯುತ್ತಾರೆ. ಅವಳು ಹಸಿದು ಹೋದವಳು. ಹೂವಿಲ್ಲ, ಕಾಯಿಲ್ಲ, ಕೈಮುಗಿಯುವುದಿಲ್ಲ. ಅಂಬಲಿ ಸುರಿದ ಮೇಲೆ ಒಬ್ಬೊಬ್ಬಳೂ ತೆಂಗಿನ ಕಡ್ಡಿಯ ಪೊರಕೆಯಿಂದ ಆ ಕಲ್ಲಿನ ಪಕ್ಕದ ಗೋಡೆಗೆ ಮೂರು ಸಲ ಹೊಡೆಯುತ್ತಾಳೆ. ಕೊಡು ನಮ್ಮವಳನ್ನ, ಎನ್ನುತ್ತಾಳೆ. ಇಷ್ಟೇ. ನೂರಾರು ವರ್ಷದಿಂದ ಕೋಟೆ ಪೊರಕೆಯ ಏಟು ತಿನ್ನುತ್ತಾ ಬಂದಿದೆ. ಆ ದಿನ ಊರಿನವರು ಬಾಗಿಲು ಹಾಕಿಕೊಂಡು ಒಳಗಿರುತ್ತಾರೆ.

 ನಾಲ್ಕು ಪುಟ ಬರೆದುಕೊಂಡೆ. ಬಾಗಿಲಿನಿಂದ ಕಲ್ಲಿಗೆ ಹೆಜ್ಜೆ ಅಳೆದೆ. ಇಪ್ಪತ್ತೆಂಟು. ಅದನ್ನೂ ಬರೆದೆ. ಯಾವ ದಿನ, ಯಾರು ಯಾರು ಬರುತ್ತಾರೆ, ಎಲ್ಲ ಬರೆದೆ. ಕಾಲೇಜಿನಲ್ಲಿ ಹಾಗೆ ಕಲಿಸಿದ್ದರು. ಬರೆದದ್ದು ಉಳಿಯುತ್ತದೆ ಎಂದು ನಂಬಿದ್ದೆ. ಶುದ್ಧಪ್ರತಿ ಮಾಡಿ, ವರದಿಯ ಜೊತೆ ಸೇರಿಸಿ, ಸಮಿತಿಗೆ ಕೊಟ್ಟೆ. ಕೊಡಲೇ ಎಂದು ಹೊಂಬಾಳಮ್ಮನನ್ನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೇ ಇಲ್ಲ.

ನಾಗಭೂಷಣ್ ಪೂರ್ತಿ ಓದಿದರು. ಎರಡು ಸಲ ಓದಿದರು.

"ಇಪ್ಪತ್ತು ವರ್ಷದಿಂದ ಈ ಊರಲ್ಲಿದೀನಿ, ಇದು ಗೊತ್ತಿರ್ಲಿಲ್ಲ ನೋಡಮ್ಮ. ಆ ದಿನ ಹಟ್ಟಿಯೋರು ಏನೋ ಮಾಟ ಗೀಟ ಮಾಡ್ತಾರೆ ಅಂದ್ಕೊಂಡಿದ್ದೆ. ಪೊರಕೇಲಿ ಹೊಡೀತಾರಾ? ನಮ್ ಕೋಟೇಗೆ?"

"ಅದು ಅವರ ಪದ್ಧತಿ ಸರ್."

"ಹಿಸ್ಟರಿ ಅಂದ್ರೆ ಓದಿದೋರ್ಗೆ ಎದೆ ಉಬ್ಬಬೇಕಮ್ಮ. ಅಲ್ಲಿ ಬಿದ್ಲು, ಇಲ್ಲಿ ಸತ್ಲು ಅಂತ ಅಳಿಸೋಕಾ ಬೋರ್ಡ್ ಹಾಕೋದು? ಬರ್ಕೊಳ್ಳಿ."

ಅವರು ಹೇಳಿದರು. ನಾನು ಬರೆದೆ. ನಾಡಿನ ಕೋಟೆ ನಿಲ್ಲಲೆಂದು ವೀರಮಾತೆ ಕೆಂಚಾಂಬೆ ಸ್ವಇಚ್ಛೆಯಿಂದ ಪ್ರಾಣಾರ್ಪಣೆ ಮಾಡಿದ ಪುಣ್ಯಸ್ಥಳ. ಕೆಂಚಿ ಕೆಂಚಾಂಬೆಯಾದಳು. ಮೋಸಹೋಗಿ ಇಳಿದವಳು ತಾನೇ ಹಾರಿದಳು. ಹಟ್ಟಿ ಎಂಬ ಮಾತೇ ಇರಲಿಲ್ಲ. ನಾನು ಕಾಗುಣಿತ ತಿದ್ದಿಕೊಟ್ಟೆ. ಹದಿನೈದು ದಿನದಲ್ಲಿ ಕೋಟೆ ಬಾಗಿಲ ಮೇಲೆ ಸಿಮೆಂಟಿನ ಕೆಂಚಾಂಬೆ ಬಂದು ಕೂತಳು. ತಲೆಗೆ ಕಿರೀಟ. ಕೆನ್ನೆಗೆ ಗುಲಾಬಿ ಬಣ್ಣ.

ಹೊಂಬಾಳಮ್ಮನಿಗೆ ಏನೋ ವಾಸನೆ ಬಡಿದಿರಬೇಕು. ದಕ್ಷಿಣ ಗೋಡೆಗೆ ಗಾರೆ ಶುರುವಾಗುವ ಮೊದಲು ಅಬ್ಬಾನ ಮುಂದೆ ಬಂದು ನಿಂತರು.

"ಸಾಬ್ರೇ, ಆ ಕಲ್ಲು ಮುಚ್ಚಾಕಿಲ್ಲ ತಾನೆ?"

ಅಬ್ಬಾ ಕರಣೆ ಕೆಳಗಿಟ್ಟರು. ಕೈ ಒರೆಸಿಕೊಂಡು ಆ ಕಲ್ಲಿನ ಅಂಗೈ ಮೇಲೆ ತಮ್ಮ ಅಂಗೈ ಇಟ್ಟರು. "ಸುತ್ತ ಒಂದು ಮೊಳ ಬಿಟ್ಟು ಗಾರೆ ಹಾಕ್ತೀನಿ. ನನ್ ಮಾತು."

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ದಕ್ಷಿಣ ಗೋಡೆ ಉದ್ದಕ್ಕೂ ಬೆಳ್ಳಗಾಗಿತ್ತು. ಬಂದರೆ ಗಿಡ ಕಡಿದಿದ್ದರು. ನೆಲಕ್ಕೆ ಮಣ್ಣು ಹೊಡೆಸಿ ಎತ್ತರ ಮಾಡಿದ್ದರು. ಹಳೆಯ ಗುರುತು ಎಂದರೆ ಗಾರೆಯ ನಡುವೆ ಉಳಿದ ಆ ಒಂದು ಕಲ್ಲು. ಅದನ್ನು ಮುಚ್ಚಿ ಎಂದು ನಾಗಭೂಷಣ್ ಅಬ್ಬಾನಿಗೆ ಮೂರು ಸಲ ಹೇಳಿದ್ದರು. ಅಬ್ಬಾ ಆಗಲಿ ಎನ್ನಲೂ ಇಲ್ಲ, ಮುಚ್ಚಲೂ ಇಲ್ಲ. ನಾಲ್ಕನೆಯ ಸಲ ನಾಗಭೂಷಣ್ ಅವರ ಹತ್ತಿರ ಹೋಗಲಿಲ್ಲ. ನನ್ನ ಹತ್ತಿರ ಬಂದರು. ಕೋಟೆ ಬಾಗಿಲ ಪಕ್ಕದ ಗೋದಾಮಿನಲ್ಲಿ ನಾವು ಉಳಿದುಕೊಂಡಿದ್ದೆವು. ಬಾಗಿಲಲ್ಲಿ ನಿಂತು ಬಹಳ ಮೆತ್ತಗೆ ಮಾತಾಡಿದರು.

"ನಾನು ಯಾರ್ಗೂ ಬಲವಂತ ಮಾಡೋನಲ್ಲಮ್ಮ. ನಾಡಿನ ಕೋಟೆ ಕೆಲ್ಸಕ್ಕೆ ಸಾಬ್ರು ಅಡ್ಡ ಬಂದ್ರು ಅಂತ ಪೇಪರ್‌ನಲ್ಲಿ ಒಂದು ಲೈನ್ ಬಂತು ಅನ್ಕೊಳ್ಳಿ. ಆಮೇಲೆ ಹುಡುಗ್ರು ನನ್ ಮಾತು ಕೇಳ್ತಾರಾ? ತುಮಕೂರಲ್ಲಿ ನಿಮ್ ಮನೆ ಎಲ್ಲಿ ಅಂದ್ರಿ? ಸುಮ್ನೆ ಕೇ‍ಳ್ದೆ. ಓದಿದೋರು, ನೀವೇ ಅಪ್ಪಂಗೆ ಬಿಡಿಸಿ ಹೇಳಿ."

ಬಿಡಿಸಿ ಹೇಳಿದೆ. ಎರಡು ರಾತ್ರಿ ಹೇಳಿದೆ.

"ಮಾತು ಕೊಟ್ಟಿದೀನಲ್ಲ ಜೈಬಾ."

"ಅಬ್ಬಾ, ಈ ಊರಲ್ಲಿ ನಮ್ಮೋರು ಅಂತ ನಾವಿಬ್ರೇ."

"ನಾಕು ತಿಂಗಳು ಆ ಹೆಂಗಸಿನ ಕೈಯಿಂದ ಗಾರೆ ಇಸ್ಕೊಂಡಿದೀನಿ. ಮುಖ ಹೆಂಗೆ ತೋರಿಸ್ಲಿ?"

"ತುಮಕೂರಲ್ಲಿ ಅಮ್ಮಿ ಒಬ್ಳೇ ಇದಾಳೆ."

ಅದು ಯಾವ ಮಾತು ಎಂದು ನನಗೆ ಗೊತ್ತಿತ್ತು. ಎಲ್ಲಿ ಹೊಡೆದರೆ ಅಬ್ಬಾ ಬೀಳುತ್ತಾರೆ ಎಂದು ನೋಡಿಕೊಂಡೇ ಆಡಿದೆ.  ಅವರು ಎದ್ದು ಬಾಂಡ್ಲಿ ತೆಗೆದುಕೊಂಡರು. ಉಪವಾಸಕ್ಕೆ ಮುಂಚೆ ಉಣ್ಣುವ ಸಹರಿಯ ಹೊತ್ತಿಗೆ ವಾಪಸು ಬಂದು ಕೈ ತೊಳೆದುಕೊಂಡರು. ಮತ್ತೆ ತೊಳೆದುಕೊಂಡರು. ನಾನು ಮಾಡಿಟ್ಟ ಅನ್ನ ಮುಟ್ಟಲಿಲ್ಲ. ಬರೀ ಹೊಟ್ಟೆಯಲ್ಲೇ ಉಪವಾಸ ಹಿಡಿದರು.

ಅಮಾವಾಸ್ಯೆಯ ಬೆಳಗ್ಗೆ ಹಟ್ಟಿಯ ಹೆಂಗಸರು ಬಂದರು. ಹನ್ನೊಂದು ಜನ. ಮುಂದೆ ಹೊಂಬಾಳಮ್ಮ, ತಲೆಯ ಮೇಲೆ ಅಂಬಲಿಯ ಮಡಕೆ. ಹಿಂದೆ ಚಿಕ್ಕಮಾರಯ್ಯ ಮತ್ತು ನಾಲ್ಕು ಹುಡುಗರು. ಅವರು ಬರುತ್ತಾರೆ ಎಂದು ಸಮಿತಿಯವರಿಗೆ ನನ್ನ ಬರಹದಿಂದಲೇ ಗೊತ್ತಿತ್ತಲ್ಲ. ಇಬ್ಬರು ಪೊಲೀಸರು ಬಂದು ಚಹಾ ಕುಡಿಯುತ್ತಾ ನಿಂತಿದ್ದರು.

ಹೊಂಬಾಳಮ್ಮ ಗೋಡೆಯ ಮುಂದೆ ನಿಂತರು. ಗೋಡೆ ಈ ತುದಿಯಿಂದ ಆ ತುದಿಗೆ ಒಂದೇ ಬಿಳಿ. ಮಡಕೆ ಇಳಿಸಿದರು. ಹಸಿ ಗಾರೆಯ ಮೇಲೆ ಅಂಗೈ ಇಟ್ಟು ಸವರುತ್ತಾ ನಡೆದರು. ಒಂದು ಕಡೆ ನಿಂತಂತೆ ಮಾಡಿದರು. ಮತ್ತೆ ಮುಂದಕ್ಕೆ ಹೋದರು. ತುದಿ ಮುಟ್ಟಿ ವಾಪಸು ಬಂದರು. ನೇರ ನನ್ನ ಹತ್ತಿರ ಬಂದರು.

"ಎಲ್ಲೈತವ್ವ? ನೀನು ಬರ್ಕೊಂಡಿದ್ಯಲ್ಲ. ಬಾಗ್ಲಿಂದ ಎಷ್ಟೆಜ್ಜೆ ಅಂತಾನೂ ಅಳ್ದಿದ್ದೆ. ಹೇಳು."

ಇಪ್ಪತ್ತೆಂಟು. ಬಾಯಿಯವರೆಗೆ ಬಂತು. ಅವರ ಹಿಂದೆ ನಾಗಭೂಷಣ್ ನಿಂತಿದ್ದರು. ಸ್ವಲ್ಪ ದೂರದಲ್ಲಿ ಅಬ್ಬಾ ನೆಲ ನೋಡುತ್ತಾ ಕೂತಿದ್ದರು.

"ನನಗೆ ಸರಿಯಾಗಿ ನೆನಪಿಲ್ಲ" ಎಂದೆ.

ಹೊಂಬಾಳಮ್ಮ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ನಾಗಭೂಷಣ್ ಮುಂದೆ ಬಂದರು. "ಕೇಳಿಸ್ತಾ? ಓದಿದೋರೇ ಹೇಳ್ತಾವ್ರೆ. ಯಾವ ಕಲ್ಲೂ ಇರ್ಲಿಲ್ಲ. ಪೂಜೆ ಮಾಡೋದಾದ್ರೆ ಬಾಗಿಲ ಮೇಲೆ ಕೆಂಚಾಂಬೆ ಅವ್ಳೆ. ಕೆಳಗಡೆ ನಿಂತ್ಕೊಂಡು ಕೈಮುಗೀರಿ. ನಾನೇನಾದ್ರೂ ಬ್ಯಾಡ ಅಂದ್ನಾ?"

ಹೊಂಬಾಳಮ್ಮ ತಲೆ ಎತ್ತಿ ಆ ಸಿಮೆಂಟಿನ ಹೆಂಗಸನ್ನು ನೋಡಿದರು. "ಇವ್ಳ್ಯಾರು ಸೋಮಿ? ನಿಮ್ ಮನೆಯೋಳಾ?"

"ಏಯ್, ನಾಲ್ಗೆ."

"ಅಲ್ಲ, ಮೈಮ್ಯಾಲೆ ಅಷ್ಟು ಒಡ್ವೆ ಐತಲ್ಲ, ಅದ್ಕೇ ಕೇಳ್ದೆ. ಇವ್ಳಿಗೆ ಅಂಬ್ಲಿ ಸೇರಾಕಿಲ್ಲ ಬುಡಿ."

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೊಂಬಾಳಮ್ಮ ನಗಲಿಲ್ಲ. ಮಡಕೆ ಎತ್ತಿಕೊಂಡು ಗೋಡೆಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ಅಂಬಲಿ ಸುರಿಯುತ್ತಾ ನಡೆದರು. ಖಾಲಿ ಮಡಕೆ ಕೆಳಗಿಟ್ಟು ಸೊಂಟದಿಂದ ಪೊರಕೆ ಎಳೆದರು.

"ಎಲ್ಲವ್ಳೆ ಅಂತ ಯಾರ್ಗೂ ಗೊತ್ತಿಲ್ವಂತೆ ಕಣ್ರಮ್ಮಿ. ಹಂಗಾದ್ರೆ ಎಲ್ಲಾ ಕಡೆ ಅವ್ಳೆ. ಪೂರಾ ಹೊಡೀರಿ."

ಹನ್ನೊಂದು ಪೊರಕೆಗಳು. ಮೂರು ಏಟಿನ ಲೆಕ್ಕ ಅಂದು ಇರಲಿಲ್ಲ. ತೆಂಗಿನ ಕಡ್ಡಿ ಹಸಿ ಗಾರೆಗೆ ಕಚ್ಚಿಕೊಂಡು ಕಿತ್ತುಕೊಂಡು ಬರುತ್ತಿತ್ತು. ಕೊಡು ನಮ್ಮವ್ಳ. ಕೊಡು ನಮ್ಮವ್ಳ. ಅವರೇ ಹೊತ್ತ ಗಾರೆ. ಅವರ ಕತ್ತು ಸುಟ್ಟ ಗಾರೆ. ಹೊಡೆದು ಹೊಡೆದು ಅವರ ಮುಖ, ಕೂದಲು, ಎದೆ ಎಲ್ಲ ಬಿಳಿಯಾಯಿತು. ಕ್ಯಾಲೆಂಡರಿನ ಕೋಟೆಗೆ ಮೈ ತುಂಬ ಬಾಸುಂಡೆ ಬಂತು. ನಾಗಭೂಷಣ್ ಕಿರುಚುತ್ತಿದ್ದರು. ಮೈಕಿನವನು ಗಾಬರಿಯಾಗಿ ನಾಡಗೀತೆ ಹಾಕಿಬಿಟ್ಟ. ಪೊಲೀಸರು ನೆಟ್ಟಗೆ ನಿಲ್ಲಬೇಕೋ ಲಾಠಿ ಎತ್ತಬೇಕೋ ತಿಳಿಯದೆ ಅರೆಗಳಿಗೆ ಅಟೆನ್ಷನ್ನಿನಲ್ಲಿ ನಿಂತರು.

ಹಾಡು ಮುಗಿದ ಮೇಲೆ ಲಾಠಿ ಎತ್ತಿದರು. ಚಿಕ್ಕಮಾರಯ್ಯ ತಾಯಿಗೆ ಅಡ್ಡ ಬಂದ. ಅವನನ್ನು ಹೊಡೆದು ಜೀಪಿಗೆ ಹಾಕಿಕೊಂಡು ಹೋದರು. ಗೋಡೆ ಹಾಳು ಮಾಡಿದನೆಂದು ಕೇಸು. ಅವನ ಕೈಯಲ್ಲಿ ಪೊರಕೆಯೇ ಇರಲಿಲ್ಲ.

ಮಾರನೆಯ ದಿನ ತುಮಕೂರಿನ ಒಂದು ಪತ್ರಿಕೆಯಲ್ಲಿ ಗೋಡೆಯ ಫೋಟೋ ಬಂತು. ಹಟ್ಟಿಯ ಕಲ್ಲನ್ನು ಮುಚ್ಚಿದ್ದು ಯಾರು ಎಂದು ಕೆಳಗೆ ಕೇಳಿದ್ದರು. ದಲಿತ ಸಂಘಟನೆಯವರು ಬರುತ್ತಾರೆ ಎಂಬ ಸುದ್ದಿ ಹಬ್ಬಿತು. ಸಂಜೆ ನಾಗಭೂಷಣ್ ಹೊಂಬಾಳಮ್ಮನನ್ನು ಸಮಿತಿಯ ಕೋಣೆಗೆ ಕರೆಸಿದರು. ನನ್ನನ್ನೂ ಕರೆಸಿದರು, ಪೆನ್ನು ಹಾಳೆ ತರಲು ಹೇಳಿ. ಹೊಂಬಾಳಮ್ಮನಿಗೆ ಕುರ್ಚಿ ಹಾಕಿಸಿದ್ದರು. ಅವರು ಕೂರಲಿಲ್ಲ.

"ನೋಡು ಹೊಂಬಾಳಮ್ಮ, ನಾನು ನಿಮ್ ಕಡೇನೇ. ಆ ಕಲ್ಲು ಮುಚ್ಚು ಅಂತ ನಾನು ಯಾರ್ಗೂ ಹೇಳಿಲ್ಲ. ಆ ಗಾರೆ ಸಾಬ ತಾನೇ ಮುಚ್ಚವ್ನೆ. ಅವ್ರಿಗೆ ನಮ್ ದೇವ್ರು ದಿಂಡ್ರು ಕಂಡ್ರೆ ಆಗಲ್ಲ, ಗೊತ್ತಲ್ಲ. ಹಂಗಂತ ಒಂದು ಹೇಳಿಕೆ ಕೊಡು. ನಾಳೇನೇ ಗಾರೆ ಕೀಳಿಸ್ತೀನಿ. ನಿಮ್ ಕಲ್ಲು ನಿಮ್ಗೆ. ಕೇಸು ವಾಪಸ್. ರಾತ್ರಿ ಊಟಕ್ಕೆ ನಿನ್ ಮಗ ಮನೇಲಿರ್ತಾನೆ."

ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು. "ಬರ್ಕೊಳ್ಳಿ ಮೇಡಂ."

ನಾನು ಯಾರ ಮಗಳು ಎಂದು ಅವರಿಗೆ ಮರೆತಿರಲಿಲ್ಲ. ಬರೆಯುತ್ತೇನೆ ಎಂದು ಗೊತ್ತಿತ್ತು, ಅಷ್ಟೇ. ನಾನು ಪೆನ್ನಿನ ಮುಚ್ಚಳ ತೆಗೆದೆ. ತಾರೀಕು ಹಾಕಿದೆ. ಮುದ್ದನಕೋಟೆ ವಾಸಿ ಹೊಂಬಾಳಮ್ಮ ಆದ ನಾನು, ಎಂದು ಬರೆದೆ. ಅಲ್ಲಿಗೆ ಕೈ ನಿಂತಿತು. ಪೆನ್ನು ಎಸೆದೆ ಎಂದು ಬರೆಯಲು ಆಸೆಯಾಗುತ್ತದೆ. ಎಸೆಯಲಿಲ್ಲ. ಬರೆಯುವುದಿಲ್ಲ ಎಂದು ಹೇಳಲೂ ಇಲ್ಲ. 

"ಏನ್ ಬರ್ದೆ, ಓದವ್ವ" ಎಂದರು ಹೊಂಬಾಳಮ್ಮ.

ಓದಿದೆ.

"ಅಷ್ಟೇ ಇರ್ಲಿ. ಮುಂದಕ್ಕೆ ಬರೀಬ್ಯಾಡ." ನಾಗಭೂಷಣರ ಕಡೆ ತಿರುಗಿದರು. "ಯಾರು ಮುಚ್ಚಿದ್ರೋ ನಾನು ನೋಡಿಲ್ಲ."

"ಮಗ ಒಳಗವ್ನೆ ಅನ್ನೋ ಗ್ಯಾನ ಐತಾ?"

"ಐತೆ."

"ಆರ್ ತಿಂಗ್ಳು ಈಚೆ ಬರ್ದಂಗೆ ಮಾಡ್ತೀನಿ."

"ಗೊತ್ತು. ನಿಮ್ ಕೈಲಿ ಆಯ್ತದೆ." ಸೆರಗು ಸಿಕ್ಕಿಸಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ಹೇಳಿದರು, "ನಾಳಿಂದ ನಮ್ ಹಟ್ಟಿಯೋರು ಯಾರೂ ಗಾರೆ ಹೊರಾಕಿಲ್ಲ. ಮೈಕಲ್ಲಿ ಹೆಸ್ರು ಓದ್ಕೊಳ್ಳಿ."

ನಾನು ಅವರ ಹಿಂದೆ ಓಡಿದೆ. ಠಾಣೆಗೆ ಹೋಗುವ ದಾರಿಯಲ್ಲಿ ಕೆರೆ ಏರಿಯ ಮೇಲೆ ಸಿಕ್ಕರು. ಕೈಯಲ್ಲಿ, ಕೋಣೆಯ ಹೊರಗೆ ಇಟ್ಟು ಬಂದಿದ್ದ ಊಟದ ಡಬ್ಬಿ. ನನಗೆ ಉಸಿರು ಹತ್ತಿತ್ತು.

"ಅಮ್ಮಾ, ಆ ಕಲ್ಲು ಮುಚ್ಚಿದ್ದು..."

"ನಿಮ್ಮಪ್ಪ."

ನಾನು ನಿಂತೆ. ಅವರು ನಡೆಯುತ್ತಲೇ ಇದ್ದರು.

"ಅಮಾಸೆ ದಿನ ಕೈಯಾಡಿಸಿದಾಗ್ಲೇ ಗೊತ್ತಾಯ್ತು ಕಣವ್ವ. ನಾಕ್ ತಿಂಗ್ಳು ಆ ಕೈಗೆ ಗಾರೆ ಕೊಟ್ಟಿಲ್ವಾ ನಾನು? ಮಿಕ್ಕಿದ್ ಕಡೆ ಎಲ್ಲಾ ಆಳುಗಳು ಉಜ್ಜಿದ್ದು. ಅಲ್ಲೊಂದ್ಕಡೆ ಮಾತ್ರ ಬೆಣ್ಣೆ ಸವರ್ದಂಗಿತ್ತು. ಮುಚ್ಚೋ ಕಲ್ಲನ್ನೂ ಅಷ್ಟು ಚೆಂದಾಗಿ ಮುಚ್ಚವ್ನೆ, ಪುಣ್ಯಾತ್ಮ."

"ಮತ್ತೆ ಯಾಕೆ ನನ್ನ ಕೇಳಿದ್ರಿ?"

"ನೀನು ಹೇಳ್ತೀಯಾ ಅಂತ ನೋಡ್ದೆ."

ಏರಿಯ ಮೇಲೆ ಗಾಳಿ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ವರದಿ ಕೊಟ್ಟದ್ದು, ಬೋರ್ಡು ಬರೆದದ್ದು, ಅಬ್ಬಾ ಒಲ್ಲೆ ಎಂದದ್ದು, ನಾನು ಕಳಿಸಿದ್ದು. ಅವರು ತಡೆಯಲಿಲ್ಲ. ಮುಗಿದ ಮೇಲೆ ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ. ಅದ್ನ ನನ್ನ ಕೇಳ್ಬ್ಯಾಡ. ಕೊಡಾಕೆ ನನ್ ತಾವ ಇಲ್ಲ."

"ಹಟ್ಟಿಯವರಿಗೆ..."

"ಯಾರ್ಗೂ ಹೇಳಾಕಿಲ್ಲ. ಹಟ್ಟಿಯೋರ್ಗೂ ಇಲ್ಲ, ನನ್ ಮಗನ್ಗೂ ಇಲ್ಲ. ನಿನ್ ಮ್ಯಾಲೆ ಕನಿಕರ ಅಂತ ತಿಳ್ಕೋಬ್ಯಾಡ. ಹೇಳಿದ್ರೆ ನಮ್ ಹುಡುಗ್ರು ನಿಮ್ಮಪ್ಪನ್ ಮ್ಯಾಲೆ ಬೀಳ್ತಾರೆ. ಆ ನಾಗಭೂಷಣ ನಿಂತ್ಕೊಂಡು ನೋಡ್ತಾನೆ. ಅವ್ನ್ ಕೆಲ್ಸ ನಾನ್ಯಾಕೆ ಮಾಡ್ಲಿ?"

ಅವರು ಡಬ್ಬಿ ಹಿಡಿದು ಮುಂದೆ ನಡೆದರು. ಬರಬೇಡ ಎನ್ನಲಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದೆ ನಡೆದೆ.

ಠಾಣೆಯಲ್ಲಿ ಒಂದು ಗಂಟೆ ಕಾಯಿಸಿ ಒಳಗೆ ಬಿಟ್ಟರು. ಚಿಕ್ಕಮಾರಯ್ಯ ಕಂಬಿಯ ಹತ್ತಿರ ಬಂದ. ತುಟಿ ಸೀಳಿತ್ತು. ಒಂದು ಕಣ್ಣು ಊದಿಕೊಂಡಿತ್ತು. ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿದ, ತಾಯಿಯನ್ನು ನೋಡಿದ.

"ಯಾರಂತವ್ವ ಕಲ್ಲು ಮುಚ್ಚಿದ್ದು? ಗೊತ್ತಾಯ್ತಾ? ಹೆಸ್ರೇಳು. ಈಚೆ ಬಂದ್ಮ್ಯಾಲೆ ನಾನು ನೋಡ್ಕೊಂತೀನಿ."

ಹೊಂಬಾಳಮ್ಮ ನೆಲದ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದರು. ಮುದ್ದೆ ಮುರಿದು ಉಪ್ಸಾರಿನಲ್ಲಿ ಅದ್ದಿ, ಕಂಬಿಯ ಸಂದಿಯಲ್ಲಿ ಕೈ ತೂರಿಸಿದರು.

"ಬಾಯಿ ತೆಗಿ."

"ಯಾರು ಅಂತ ಹೇಳವ್ವ ಮೊದ್ಲು."

"ತೆಗೀಲಾ ಬಾಯಿ. ಆಗ್ಲೇ ಆರೋಗೈತೆ."

ಅವನು ಬಗ್ಗಿ ತುತ್ತು ಇಸಿದುಕೊಂಡ. ಒಡೆದ ತುಟಿಗೆ ಉಪ್ಪು ತಾಗಿ ಮುಖ ಕಿವುಚಿದ. ನುಂಗಿ ಮತ್ತೆ ಕೇಳಿದ, ಯಾರವ್ವಾ. ಹೊಂಬಾಳಮ್ಮ ಎರಡನೆಯ ತುತ್ತು ಮುರಿಯುತ್ತಿದ್ದರು.